ಅಂಚೆಚೀಟಿಗೆಂದು ಇಸಕೊಂಡ ಫೋಟೋ

ಆ ಸಮಿತಿಯವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರಲ್ಲಿ ಇಬ್ಬರು ಸತ್ತು ಮಣ್ಣಾಗಿದ್ದಾರೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ, ನಾನು ಆಡುತ್ತೇನೆ. ದೇವದುರ್ಗದ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಯ ಹತ್ತಿರ ಅವಳ ಗಂಡನದು ಒಂದೇ ಒಂದು ಫೋಟೋ ಇತ್ತು. ಹೇಗಿದೆಯೋ ಹಾಗೇ ತಂದು ಕೊಡುತ್ತೇನೆ ಎಂದು ಮಾತು ಕೊಟ್ಟು, ಒಂದು ಅಂಚೆಚೀಟಿಯ ಸಲುವಾಗಿ, ಆ ಸಮಿತಿಯ ಪರವಾಗಿ ಅದನ್ನು ಇಸಕೊಂಡು ಬಂದವನು ನಾನು. ಆದ್ದರಿಂದ ಈ ಬೈಗುಳದಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಾನ್ವಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರ ಅಂದರೆ ಶಾಲೆಯಲ್ಲಿ ಯಾರಿಗೂ ಬೇಡವಾದವನು. ಗಣಿತದವರು ರಜೆ ಹಾಕಿದರೆ ಅವರ ಪಿರಿಯಡ್ಡು ಕಾಯುವುದು, ಸಾಹೇಬರು ಬಂದರೆ ಸ್ವಾಗತದ ಬೋರ್ಡು ಬರೆಯುವುದು, ಉಳಿದ ಹೊತ್ತು ಮಾವಿನಹಣ್ಣಿನ ಚಿತ್ರ ತಿದ್ದುವುದು. ಹಾಗಿದ್ದಾಗ ರಾಯಚೂರಿನಿಂದ ನನ್ನ ಗುರುತಿನ ಒಬ್ಬ ರಿಟೈರ್ಡ್ ಹೆಡ್‌ಮಾಸ್ತರರು ಮನೆಗೆ ಬಂದು, "ನಿಮ್ಮ ಕೈಚಳಕ ನಮಗ ಬೇಕಾಗ್ಯದರೀ" ಎಂದರು. ಬೇಕಾಗಿದ್ದೇನೆ ಎಂದು ಯಾರಾದರೂ ಹೇಳಿದ್ದೇ ಅಪರೂಪ. ಏನು ಎತ್ತ ಕೇಳದೆ ಹೂಂ ಅಂದುಬಿಟ್ಟೆ.

ಸಂಗತಿ ಇಷ್ಟು. ಪಕ್ಕದ ಜಿಲ್ಲೆಯ ಯಾರದೋ ಚಿತ್ರ ಅಂಚೆಚೀಟಿಯ ಮೇಲೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿತ್ತು. ಖರೇನೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಆದರೆ ನಮ್ಮ ರಾಯಚೂರಿನ ದೊಡ್ಡವರಿಗೆ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು. "ನಮ್ಮ ಜಿಲ್ಲಾದಾಗೇನು ಮಂದಿ ಹುಟ್ಟಿಲ್ಲೇನು?" ಎಂದು ಒಂದು ಸಮಿತಿ ಮಾಡಿಕೊಂಡರು. ನಮ್ಮ ಕಡೆಯ ಒಬ್ಬ ಗಣ್ಯನನ್ನು ಆರಿಸಬೇಕು. ಅವನು ಸತ್ತು ಕೆಲವು ವರ್ಷ ಆಗಿರಬೇಕು, ಬದುಕಿದ್ದವರಿಗೆ ಅಂಚೆಚೀಟಿ ಇಲ್ಲ. ಅವನ ಜೀವನ ಚರಿತ್ರೆ, ಒಂದು ಫೋಟೋ, ಚೀಟಿ ಹೇಗಿರಬೇಕೆಂಬ ಒಂದು ನಮೂನೆ ಚಿತ್ರ, ಇವನ್ನೆಲ್ಲ ಸೇರಿಸಿ ದಿಲ್ಲಿಗೆ ಅರ್ಜಿ ಕಳಿಸಬೇಕು. ನಮೂನೆ ಚಿತ್ರ ಬರೆಯಲು ನಾನು.

ಸಮಿತಿ ಸೇರುತ್ತಿದ್ದದ್ದು ತೀನ್ ಕಂದೀಲು ಚೌಕದ ಹತ್ತಿರ, ಒಬ್ಬ ವಕೀಲರ ಮಾಳಿಗೆಯ ಮೇಲೆ. ಮಂದಿ ಎಂಟೊಂಬತ್ತು ಇದ್ದರೂ ಮಾತಾಡುವವರು ಇಬ್ಬರೇ: ಅಧ್ಯಕ್ಷರಾದ ಆ ವಕೀಲರು, ಮತ್ತೆ ಹತ್ತಿ ಮಿಲ್ಲಿನ ಮಾಲೀಕರೊಬ್ಬರು. ಉಳಿದವರು ಮಿರ್ಚಿ ಮಂಡಾಳು ತಿನ್ನಲು ಬರುತ್ತಿದ್ದರು. ನಾನು ವಾರಕ್ಕೊಮ್ಮೆ ಮಾನ್ವಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ.

ವಕೀಲರಿಗೆ ತಮ್ಮ ಅಜ್ಜನೇ ಆಗಬೇಕು. ಅಜ್ಜ ನಿಜಾಮರ ಕಾಲದಲ್ಲಿ ಕೋರ್ಟಿನಲ್ಲಿ ಹುಲಿಯಂತೆ ಗರ್ಜಿಸುತ್ತಿದ್ದರಂತೆ.

"ಗರ್ಜಿಸೋದು ಖರೇ ಬಿಡ್ರಿ," ಎಂದರು ಮಿಲ್ಲಿನವರು. "ಕೋರ್ಟಿನಾಗಲ್ಲ, ಮನ್ಯಾಗ, ಹೇಣ್ತಿ ಮ್ಯಾಲ. ನಮ್ಮಪ್ಪ ಓಣ್ಯಾಗ ನಿಂತು ಕೇಳ್ಯಾನ."

ಮಿಲ್ಲಿನವರಿಗೆ ತಮ್ಮ ಅಪ್ಪನೇ ಆಗಬೇಕು. ಅಪ್ಪ ಒಂದು ಧರ್ಮಶಾಲೆ ಕಟ್ಟಿಸಿದ್ದರು.

"ಬೇಶಕ್ ಕಟ್ಟಿಸ್ಯಾರ," ಎಂದರು ವಕೀಲರು. "ಅದರಾಗ ಬಡವರು ಯಾರರೆ ಮಲಗಿದ್ದು ನೋಡೀರೇನು? ನಿಮ್ಮ ಹತ್ತಿ ಅಂಡಿಗಿ ಮಲಗಿದ್ದು ನಾ ನೋಡೀನಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯಿತು. ನಾಲ್ಕು ವಾರ ಇದೇ ಹಾಡು. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಅನ್ನುವ ಮಾತನ್ನು ನಾನು ಕೇಳಿದ್ದೆ. ಹಾಲು ಅಳೆಯುವುದನ್ನು ಕಣ್ಣಾರೆ ನೋಡಿದ್ದು ಅಲ್ಲಿ. ನನಗೆ ಇಬ್ಬರನ್ನೂ ಎತ್ತಿ ಮಾಳಿಗೆಯಿಂದ ಕೆಳಗೆ ಒಗೆಯಬೇಕು ಅನ್ನಿಸುತ್ತಿತ್ತು. ಒಗೆಯಲಿಲ್ಲ, ಚಹಾ ಕುಡಿದು ಕೊನೆಯ ಬಸ್ಸು ಹಿಡಿಯುತ್ತಿದ್ದೆ.

ಐದನೆಯ ವಾರ ಹೆಡ್‌ಮಾಸ್ತರರು ಬಾಯಿ ತೆರೆದರು. ಅವರು ಯಾವತ್ತೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವ ಮನುಷ್ಯ. ಅವತ್ತು ಮಾತ್ರ ಎದ್ದು ನಿಂತು, ತಮಗೆ ಅಕ್ಷರ ಕಲಿಸಿದವರ ಕಥೆ ಹೇಳಿದರು. ದೇವದುರ್ಗ ತಾಲೂಕಿನ ಒಬ್ಬ ಕುರುಬರ ಮನುಷ್ಯ. ನಿಜಾಮರ ಕಾಲದಲ್ಲಿ, ಊರಲ್ಲಿ ಶಾಲೆ ಅಂದರೆ ಉರ್ದು ಶಾಲೆ, ಅದೂ ದೊಡ್ಡ ಊರಿಗೆ ಮಾತ್ರ ಇದ್ದಾಗ, ಅವನು ಕುರಿಹಟ್ಟಿಯಲ್ಲಿ ಕನ್ನಡ ಶಾಲೆ ನಡೆಸುತ್ತಿದ್ದ. ಬೆಳಿಗ್ಗೆ ಕುರಿ ಮೇಯಲು ಹೋದ ಮೇಲೆ ಹಟ್ಟಿ ಖಾಲಿ. ಹಿಕ್ಕೆ ಬಳಿದು ಒಗೆದು ಮಕ್ಕಳನ್ನು ಕೂರಿಸುವುದು, ಸಂಜೆ ಕುರಿ ವಾಪಸ್ಸು ಬರುವ ಹೊತ್ತಿಗೆ ಶಾಲೆ ಬಿಡುವುದು. ಊರ ಪಟೇಲ ಮುಚ್ಚಿಸಿದರೆ ಮುಂದಿನ ಊರಿನ ಹಟ್ಟಿಗೆ ನಡೆದ. ಅಲ್ಲಿ ಮುಚ್ಚಿಸಿದರೆ ಅದರ ಮುಂದಿನದಕ್ಕೆ. ಕೃಷ್ಣಾ ದಂಡೆಯ ಗೂಗಲ್‌ನಿಂದ ಹಿಡಿದು ಈ ಕಡೆ ಕವಿತಾಳದವರೆಗೆ ಅವನು ನಡೆಯದ ಹಾದಿ ಇರಲಿಲ್ಲವಂತೆ.

"ನನ್ನ ದಸ್ತಖತ್ತು ಅವರು ಕಲಿಸಿದ್ದು," ಎಂದು ಹೆಡ್‌ಮಾಸ್ತರರು ಕೂತರು. ಅವರ ಕಣ್ಣಲ್ಲಿ ನೀರಿತ್ತು.

ವಕೀಲರು ಮಿಲ್ಲಿನವರನ್ನು ನೋಡಿದರು, ಮಿಲ್ಲಿನವರು ವಕೀಲರನ್ನು ನೋಡಿದರು. ಆ ಕುರಿಹಟ್ಟಿಯ ಮಾಸ್ತರನ ಮೇಲೆ ಭಕ್ತಿ ಉಕ್ಕಿತು ಎಂದು ತಿಳಿಯಬೇಡಿ. ನಿನ್ನ ಅಜ್ಜನಿಗೆ ಆಗುವುದಕ್ಕಿಂತ, ನಿನ್ನ ಅಪ್ಪನಿಗೆ ಆಗುವುದಕ್ಕಿಂತ, ಯಾವನೋ ಕುರಿ ಕಾಯುವವನಿಗೆ ಆಗಲಿ ಎಂಬ ಲೆಕ್ಕ ಇಬ್ಬರ ತಲೆಯಲ್ಲೂ ಒಮ್ಮೆಗೇ ಬಂತು. ನನಗೆ ಅದು ಕಾಣುತ್ತಿತ್ತು. ಆದರೂ ಖುಷಿಯಾಯಿತು. ಕೆಟ್ಟ ಮನಸ್ಸಿನಿಂದಲೇ ಆಗಲಿ, ಒಳ್ಳೆಯ ಆಯ್ಕೆ ಆಯಿತಲ್ಲ ಎಂದು ಅವತ್ತು ಮೊದಲ ಸಲ ನಾನೂ ಎರಡು ಮಿರ್ಚಿ ತಿಂದೆ.

ಫೋಟೋ ತರಲು ನನ್ನನ್ನೇ ಅಟ್ಟಿದರು. ಹೆಡ್‌ಮಾಸ್ತರರಿಗೆ ಮೊಣಕಾಲು ನೋವು. ಒಂದು ಭಾನುವಾರ ಮಾನ್ವಿಯಿಂದ ಕವಿತಾಳದ ಮೇಲೆ ಸುತ್ತು ಹಾಕುವ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆ. ಅಲ್ಲಿಂದ ಗೂಗಲ್ ದಾರಿಯ ಬಸ್ಸು. ಇಳಿದ ಮೇಲೆ ಎರೆ ಹೊಲದ ನಡುವೆ ಒಂದು ತಾಸು ನಡಿಗೆ. ಊರಲ್ಲಿ ಕೇಳಿದ ಕೂಡಲೇ ಮನೆ ತೋರಿಸಿದರು.

ಮುದುಕಿ ಕಟ್ಟೆಯ ಮೇಲೆ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ನಾನು ಕೈ ಮುಗಿದೆ. ಅವಳು ನೂಲುವುದನ್ನು ನಿಲ್ಲಿಸಲಿಲ್ಲ.

"ಯವ್ವಾ, ನಿಮ್ಮ ಯಜಮಾನರದು ಒಂದು ಫೋಟೋ ಬೇಕಾಗಿತ್ತು."

"ಯಾಕ? ಅವ ಏನರ ಕದ್ದು ಓಡಿ ಹೋಗ್ಯಾನೇನು?"

"ಅಯ್ಯ, ಹಂಗಲ್ಲ ಯವ್ವಾ. ಟಪ್ಪಾಲಿನ ಟಿಕೀಟಿನ ಮ್ಯಾಲ ಅವರ ಮಾರಿ ಹಾಕ್ಬೇಕಂತ ಮಾಡ್ಯಾರ. ದೇಶದ ತುಂಬ ಅಡ್ಡಾಡ್ತದ ಅದು."

"ಇದ್ದಾಗ ಊರೂರು ಅಡ್ಡಾಡಿದ್ದು ಸಾಲದೇನು? ಸತ್ತ ಮ್ಯಾಲರ ಮನ್ಯಾಗ ಕುಂದ್ರಾಕ ಬಿಡಂಗಿಲ್ಲೇನು ನೀವು?"

ಸೊಸೆ ಒಂದು ಚರಿಗೆ ನೀರು ತಂದಿಟ್ಟಳು. ಮುದುಕಿ ಬೈಯುತ್ತಲೇ ಇದ್ದಳು, ನನ್ನನ್ನಲ್ಲ, ಗಂಡನನ್ನು. "ಅವ ಅಕ್ಷರ ಕಲಿಸಿದಾ, ಕುರಿ ಯಾರು ಕಾಯ್ದ್ರು? ಕೇಳು. ನಾ ಕಾಯ್ದೆ. ಕೂಸಿನ್ನ ಬೆನ್ನಿಗೆ ಕಟಗೊಂಡು ಅಡವಿ ಅಡವಿ ತಿರುಗಿದೆ. ಊರ ಮಂದೀ ಮಕ್ಕಳಿಗೆಲ್ಲಾ ಪೂರಾ ಕಲಿಸಿದ. ನನಗ ಅರ್ಧಂಬರ್ಧ ಕಲಿಸಿ ಉಳಿದದ್ದು ನಾಳಿ ಅಂದ. ಆ ನಾಳಿ ಬರಲಿಲ್ಲ." ಹೀಗೆ ಬೈಯುತ್ತ ಬೈಯುತ್ತ ಒಳಗೆ ಹೋಗಿ, ದೇವರ ಜಗುಲಿಯ ಪಕ್ಕದಿಂದ ಫೋಟೋ ತೆಗೆದುಕೊಂಡು ಬಂದಳು. ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು, ಕೈಗೆ ಕೊಡಲಿಲ್ಲ.

ನಮ್ಮ ಕಡೆ ಯಾರಾದರೂ ಸತ್ತರೆ ಹೆಣ ಮಲಗಿಸಿಡುವುದು ಕಡಿಮೆ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಬಂದವರು ಬದುಕಿದ್ದವರ ಎದುರು ಕೂತಂತೆ ಎದುರು ಕೂತು ಅಳುತ್ತಾರೆ. ಅನುಕೂಲ ಇದ್ದರೆ ಫೋಟೋದವನನ್ನು ಕರೆಸುತ್ತಾರೆ. ಎಷ್ಟೋ ಮಂದಿಗೆ ಆಯುಷ್ಯದಲ್ಲಿ ತೆಗೆದ ಮೊದಲ ಫೋಟೋ, ಕೊನೆಯ ಫೋಟೋ ಅದೇ. ಇದೂ ಅಂಥದ್ದೇ. ಮಣ್ಣಿನ ಗೋಡೆಗೆ ಆನಿಕೊಂಡು ಕೂತ ತೆಳ್ಳನೆಯ ಮನುಷ್ಯ, ಹೆಗಲ ಮೇಲೆ ಕರಿ ಕಂಬಳಿ, ತಲೆಗೆ ಬಿಳಿ ಅರಿವೆ, ಕೊರಳಲ್ಲಿ ಹೂವಿನ ಸರ. ಕಣ್ಣು ಮುಚ್ಚಿದ್ದವು. ಮುಖದಲ್ಲಿ ನೋವಿರಲಿಲ್ಲ.

"ದೇವದುರ್ಗದಿಂದ ಬಂದಿದ್ದ ಫೋಟೋದವ," ಎಂದಳು. "ಅವನೂ ಸತ್ತ, ಅವನ ಡಬ್ಬಿ ಸಾಮಾನೂ ಹೋದ್ವು. ಇದು ಬಿಟ್ರ ಮತ್ತೊಂದು ಇಲ್ಲ ನೋಡು ನನಗ. ಅವ ಹಗಲು ಪೂರ್ತಿ ಮನ್ಯಾಗ ನನ್ನ ಮುಂದ ಕುಂತದ್ದು ಅದೊಂದಽ ದಿನ."

ಅವತ್ತು ಅಲ್ಲಿಂದಲೇ ಬರಿಗೈಯಲ್ಲಿ ಎದ್ದು ಬಂದಿದ್ದರೆ ನಾನು ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಬರಲಿಲ್ಲ. ಒಂದು ತಾಸು ಬೆನ್ನು ಹತ್ತಿದೆ. ನಿಮ್ಮ ಮೊಮ್ಮಕ್ಕಳಿಗೆ ಹೆಸರು ಬರುತ್ತದೆ ಎಂದೆ, ಊರಿಗೆ ಹೆಸರು ಬರುತ್ತದೆ ಎಂದೆ. ಕೊನೆಗೆ ಅವಳು ಕೇಳಿದಳು, "ನೀ ಏನು ಮಾಡ್ತೀ?"

"ಮಾಸ್ತರ ಯವ್ವಾ. ಮಾನ್ವ್ಯಾಗ."

"ಮಾಸ್ತರಾ?" ಎಂದು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಹಂಗಾರ ಒಯ್ಯಿ. ಹ್ಯಾಂಗ ಅದನೋ ಹಂಗಽ ತರಬೇಕು."

"ಹಂಗಽ ತರ್ತೀನಿ. ನಮ್ಮವ್ವನಾಣಿ," ಎಂದೆ. ಪತ್ರಿಕೆಯಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡು ಬಸ್ಸಿಗೆ ನಡೆದೆ.

ಮುಂದಿನ ವಾರ ಅದನ್ನು ಸಮಿತಿಯ ಮುಂದೆ ಇಟ್ಟಾಗ ಮಿಲ್ಲಿನವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಏನ್ರೀ ಮಾಸ್ತರ, ಹೆಣಾ ತಂದೀರಲ್ಲ! ಟಿಕೀಟಿಗೆ ಮಂದಿ ನಾಲಿಗಿ ಹಚ್ಚಿ ಅಂಟಸ್ತಾರ. ಹೆಣದ ಬೆನ್ನಿಗೆ ಯಾವಾಂವ ನಾಲಿಗಿ ಹಚ್ಚಬೇಕು?"

"ಅದು ಹೋಗ್ಲಿ," ಎಂದರು ವಕೀಲರು, "ಈ ಕಂಬಳಿ ನೋಡ್ರಿ. ದಿಲ್ಲ್ಯಾಗ ನೋಡಿದವರು ರಾಯಚೂರಾಗ ಮಂದಿಗೆ ಉಡಾಕ ಅರಿವಿ ಇಲ್ಲಂತ ತಿಳ್ಕೋತಾರ. ಒಂದು ಕೋಟು ಹಾಕ್ರಿ ಇವ್ರಿಗೆ."

ಆ ಕೆಲಸ ನನಗೆ ಬರುತ್ತಿತ್ತು. ಮಾಸ್ತರಿಕೆ ಸಿಗುವ ಮುಂಚೆ, ಎಪ್ಪತ್ತರ ದಶಕದಲ್ಲಿ, ರಾಯಚೂರಿನ ಒಂದು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಮಾಡಿದ್ದೆ. ಸತ್ತವರ ಫೋಟೋಗಳಿಗೆ ಕಣ್ಣು ಬಿಡಿಸುವುದು ನನ್ನ ಪಾಲಿನ ಕೆಲಸ. ಜನ ಹೆಣದ ಫೋಟೋ ತರುತ್ತಿದ್ದರು, "ಕಣ್ಣು ಬಿಡಿಸಿ ಕೊಡ್ರಿ" ಎನ್ನುತ್ತಿದ್ದರು. ಬ್ಲೇಡಿನ ತುದಿಯಿಂದ ಮುಚ್ಚಿದ ರೆಪ್ಪೆಯನ್ನು ಕಾಗದದಿಂದ ನವಿರಾಗಿ ಹೆರೆದರೆ ಅಡಿಯ ಬಿಳಿ ಕಾಣುತ್ತದೆ. ಅದೇ ಕಣ್ಣಿನ ಬಿಳಿ. ಅದರ ನಡುವೆ ಸಣ್ಣ ಕುಂಚದಿಂದ ಕರಿ ಗುಡ್ಡೆ, ಗುಡ್ಡೆಯ ಮೇಲೆ ಒಂದು ಬೆಳಕಿನ ಚುಕ್ಕೆ. ಕೋಟು, ರುಮಾಲು, ಸರಗಳಿಗೆ ಹೆರೆಯುವುದು ಬೇಕಿಲ್ಲ, ಮೇಲಿಂದ ಬಣ್ಣ ಬಳಿದರೆ ಆಯಿತು. ತಂದೆಯ ಕಣ್ಣು ತೆರೆದದ್ದನ್ನು ನೋಡಿ ಸ್ಟುಡಿಯೋದಲ್ಲೇ ಗೋಳೋ ಎಂದು ಅತ್ತು ನನ್ನ ಕಾಲಿಗೆ ಬಿದ್ದವರಿದ್ದಾರೆ. ನನಗೆ ಅದರ ಸೊಕ್ಕು ಇತ್ತು.

ಯಾವಾಗಲೂ ಮೊದಲು ಅಸಲಿನದೊಂದು ಕಾಪಿ ತೆಗೆದು, ಆ ಕಾಪಿಯ ಮೇಲೆ ಕೈ ಆಡಿಸುವುದು ಪದ್ಧತಿ. ಇದನ್ನೂ ಹಳೆಯ ಸ್ಟುಡಿಯೋಕ್ಕೆ ಒಯ್ದು ಕಾಪಿ ತೆಗೆಸಿದೆ. ಮುಖ ಮಸುಕಾಗಿ, ಗಡ್ಡ ಯಾವುದು ಗೋಡೆ ಯಾವುದು ತಿಳಿಯದಂತೆ ಬಂತು. ಇನ್ನೊಮ್ಮೆ ತೆಗೆಸುತ್ತೇನೆ, ಒಂದು ವಾರ ಕೊಡಿ ಎಂದರೆ ವಕೀಲರು ಕೇಳಲಿಲ್ಲ. ಯಾರೋ ದಿಲ್ಲಿಗೆ ಹೋಗುವವರಿದ್ದಾರೆ, ಅವರ ಕೈಯಲ್ಲೇ ಕಳಿಸಬೇಕು, ನಾಡಿದ್ದೇ ಬೇಕು.

"ಅಸಲಿನ ಮ್ಯಾಲಽ ಮಾಡಿಬಿಡ್ರಿ. ಕಣ್ಣು ಬಿಟ್ಟ ಗಂಡನ್ನ ನೋಡಿ ಮುದುಕಿ ಕುಣದಾಡ್ತಾಳ."

ಇಲ್ಲಿಯೇ ನಾನು ಹಾಳಾದದ್ದು. ಅವರು ನನ್ನ ಕುತ್ತಿಗೆ ಹಿಡಿದು ಮಾಡಿಸಲಿಲ್ಲ. ಮುದುಕಿ ಕುಣಿದಾಡುತ್ತಾಳೆ ಎಂದು ನನಗೂ ಅನ್ನಿಸಿತು. ಅಲ್ಲಿಯವರೆಗೆ ಕುಣಿಯದವರನ್ನು ನಾನು ಕಂಡಿರಲಿಲ್ಲ. 'ಹ್ಯಾಂಗ ಅದನೋ ಹಂಗಽ' ಅಂದರೆ ಹರಿಯದಂತೆ, ಮಡಚದಂತೆ ಎಂದಷ್ಟೇ ಅರ್ಥ ಮಾಡಿಕೊಂಡೆ. ಬ್ಲೇಡು ತೆಗೆದುಕೊಂಡೆ.

ಎರಡು ದಿನ ಕೂತೆ. ವಕೀಲರು ಅಜ್ಜನ ಫೋಟೋ ತಂದಿಟ್ಟು, ಕೋಟು ಇಂಥದ್ದೇ ಇರಲಿ ಎಂದರು. ಅದು ಗೊತ್ತಾಗಿ ಮಿಲ್ಲಿನವರು ಅಪ್ಪನ ಫೋಟೋ ಕಳಿಸಿ, ರುಮಾಲು ಇಂಥದ್ದೇ ಇರಲಿ ಎಂದರು. ಹಾಗೇ ಮಾಡಿದೆ. ಕಂಬಳಿಯ ಮೇಲೆ ಕೋಟು ಬಂತು, ತಲೆಯ ಅರಿವೆಯ ಮೇಲೆ ಜರಿ ರುಮಾಲು ಬಂತು, ಮಣ್ಣಿನ ಗೋಡೆ ಇದ್ದಲ್ಲಿ ಪರದೆ ಬಂತು. ಕಣ್ಣು ಎಷ್ಟು ಚೆನ್ನಾಗಿ ಕೂತವೆಂದರೆ ಯಾವ ಕಡೆ ಸರಿದರೂ ನನ್ನನ್ನೇ ನೋಡುತ್ತಿದ್ದವು.

ಹೆಡ್‌ಮಾಸ್ತರರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ನಮ್ಮ ಮಾಸ್ತರು ಎಂದೂ ಕೋಟು ಹಾಕಿದ್ದಿಲ್ಲ," ಎಂದರು ಮೆಲ್ಲಗೆ.

"ಈಗ ಹಾಕ್ಯಾರ ಬಿಡ್ರಿ," ಎಂದರು ಮಿಲ್ಲಿನವರು.

ಹೆಡ್‌ಮಾಸ್ತರರು ಫೋಟೋವನ್ನು ಮೇಜಿನ ಮೇಲಿಟ್ಟರು. ದಸ್ತಖತ್ತು ಕಲಿಸಿದವನ ಸಲುವಾಗಿ ಎರಡನೆಯ ಮಾತು ಆಡದ ಆ ಮನುಷ್ಯನ ಮೇಲೆ ನನಗೆ ಮಿಕ್ಕ ಇಬ್ಬರಿಗಿಂತ ಹೆಚ್ಚು ಸಿಟ್ಟಿದೆ. ತಿದ್ದಿದ ಫೋಟೋವನ್ನು ಮತ್ತೆ ಕ್ಯಾಮೆರಾದಲ್ಲಿ ಹಿಡಿದು ಪ್ರತಿ ತೆಗೆಸಿ, ನನ್ನ ನಮೂನೆ ಚಿತ್ರದ ಜೊತೆ ದಿಲ್ಲಿಗೆ ಕಳಿಸಿದರು. ಅಸಲು ಫೈಲಿನಲ್ಲಿ ಇರಲಿ ಎಂದು ವಕೀಲರು ಇಟ್ಟುಕೊಂಡರು.

ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಬಂದದ್ದು ಮುದುಕಿಯ ಕಾರ್ಡುಗಳು. ಮೊದಲನೆಯದು ಶಾಲೆಯ ವಿಳಾಸಕ್ಕೆ ಬಂತು. ಕಾರ್ಡಿನ ತುಂಬ ಇದ್ದದ್ದು ಒಂದೇ ಸಾಲು, ಕಡ್ಡಿ ಮುರಿದು ಜೋಡಿಸಿದಂಥ ದಪ್ಪ ಅಕ್ಷರದಲ್ಲಿ: ನನ್ನ ಪೋಟ ತಾ. ಎರಡು ತಿಂಗಳಿಗೆ ಇನ್ನೊಂದು: ಪೋಟ ತಾ ಜಗಲಿ ಬರಿದು ಅದ. ಮೂರನೆಯದು: ಮಾಸ್ತರ ಅಂತ ಕೊಟ್ಟೆ. ಅವಳು ಬಯ್ದುಕೊಂಡಿದ್ದ ಅರ್ಧಂಬರ್ಧ ಅಕ್ಷರ ಇವೇ. ಅವಳಿಗೆ ಒಂದು ಉತ್ತರ ಬರೆಯಲು ನನ್ನ ಕೈಗೆ ಏನು ರೋಗ ಬಂದಿತ್ತೋ! ವಕೀಲರಿಗೆ ಎರಡು ಸಲ ಕೇಳಿದೆ, ಅವರು "ಟಿಕೀಟು ಬರ್ಲಿ, ಟಿಕೀಟಿನ ಜೋಡಿನಽ ಕೊಡೂಣು" ಎಂದರು. ಟಿಕೀಟು ಹಿಡಿದುಕೊಂಡೇ ಹೋಗಿ ಅವಳ ಮುಂದೆ ನಿಲ್ಲುವ ಆಸೆ ನನಗೂ ಇತ್ತು, ಸುಮ್ಮನಾದೆ.

ಟಿಕೀಟು ಬರಲಿಲ್ಲ. ಸಾಧ್ಯವಿಲ್ಲ ಎಂಬ ಕಾಗದ ಬಂತು. ಸಮಿತಿ ಕೊನೆಯ ಸಲ ಸೇರಿದಾಗ ಆ ಕಾಗದದ ಜೊತೆ ಇನ್ನೆರಡು ಕಾಗದ ಇದ್ದದ್ದು ಬಯಲಾಯಿತು. ವಕೀಲರು ಅಜ್ಜನ ಹೆಸರಲ್ಲಿ ಗುಟ್ಟಾಗಿ ಬೇರೆ ಅರ್ಜಿ ಹಾಕಿದ್ದರು. ಮಿಲ್ಲಿನವರು ಅಪ್ಪನ ಹೆಸರಲ್ಲಿ ಇನ್ನೊಂದು. ಒಂದೇ ಊರಿನಿಂದ ಮೂರು ಅರ್ಜಿ, ಮೂರೂ ವಾಪಸ್ಸು. ಇಬ್ಬರೂ ಎದ್ದು ನಿಂತು ಒಬ್ಬರ ವಂಶವನ್ನೊಬ್ಬರು ತೊಳೆದರು. ಚಹಾದ ಗ್ಲಾಸು ಒಡೆಯಿತು.

ನನ್ನ ಸಿಟ್ಟು ನೆತ್ತಿಗೇರಿತು. ಸ್ಟೂಲಿನಿಂದ ಎದ್ದು, "ನಾಚಿಕಿ ಬರಂಗಿಲ್ಲೇನ್ರೀ ನಿಮಗ? ಕುರಿಹಟ್ಟ್ಯಾಗ ಹಿಕ್ಕಿ ಬಳದು ಅಕ್ಷರ ಕಲಿಸಿದ ಮನಶಾನ್ನ ತಂದು ನಿಮ್ಮ ಜಗಳದಾಗ ಗೂಟಾ ಮಾಡಿ ಹುಗದ್ರಲ್ಲ!" ಎಂದು ಕೂಗಿದೆ. ಬಾಗಿಲ ಹತ್ತಿರ ಕೂರುವವನೂ ಮಾತಾಡುತ್ತಾನೆ ಎಂಬುದು ಅವರಿಗೆ ಆವತ್ತೇ ತಿಳಿದದ್ದು. ವಕೀಲರು ಫೈಲಿನಿಂದ ಫೋಟೋ ಕಿತ್ತು ಮೇಜಿನ ಮೇಲೆ ಎಸೆದರು.

"ಒಯ್ರಿ ನಿಮ್ಮ ಕುರುಬನ್ನ. ಯಾರಿಗೆ ಬೇಕಾಗ್ಯಾನ!"

ಮೂಲೆಗೆ ಟಾಚಣಿ ಚುಚ್ಚಿದ ಎರಡು ತೂತು ಬಿದ್ದಿದ್ದವು, ಅಷ್ಟೇ. ಸದ್ಯ, ಚೆನ್ನಾಗಿಯೇ ಇದೆ ಎಂದುಕೊಂಡು ಕೆಳಗಿಳಿದೆ. ನೋಡಿ, ಆಗಲೂ ನನಗೆ ಹಾಗೇ ಅನ್ನಿಸುತ್ತಿತ್ತು.

ಮರುದಿನವೇ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಮುದುಕಿ ಅದೇ ಕಟ್ಟೆಯ ಮೇಲಿದ್ದಳು. ನನ್ನನ್ನು ಕಂಡು ಕದಿರು ಬದಿಗಿಟ್ಟು ಎರಡೂ ಕೈ ಚಾಚಿದಳು. ಬೈಯಲಿಲ್ಲ. ತಡವಾಯಿತು ಎಂದು ಏನೇನೋ ಹೇಳುತ್ತ ಪತ್ರಿಕೆ ಬಿಚ್ಚಿ ಫೋಟೋ ಕೈಗಿಟ್ಟೆ. ಟಿಕೀಟು ಆಗಲಿಲ್ಲ ಯವ್ವಾ, ಆದರೆ ನೋಡು, ಎಷ್ಟು ಚಂದ ಮಾಡಿ ತಂದೀನಿ ಎಂದೆ. ಅವಳು ಅಳುತ್ತಾಳೆ, ಆಮೇಲೆ ನಗುತ್ತಾಳೆ ಎಂದು ಕಾಯುತ್ತ ನಿಂತೆ.

ಅವಳು ನೋಡಿದಳು. ಫೋಟೋ ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಇಂವ ಯಾರು?"

"ಯವ್ವಾ, ನಿಮ್ಮ ಯಜಮಾನರಽ. ಕಣ್ಣು ಬಿಡಿಸೀನಿ."

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು. ಮತ್ತೆ ನನ್ನನ್ನು.

"ನಿನ್ನ ಕಣ್ಣು ತಂದು ಇವನ ಮಾರಿಗೆ ಹಚ್ಚೀದೇನು?"

ನಾನು ಯಾರಿಗೂ ಹೇಳಿರದ ಮಾತು ಅದು. ಸ್ಟುಡಿಯೋದಲ್ಲಿದ್ದಾಗ ಮೇಜಿನ ಮೇಲೆ ಒಂದು ಕನ್ನಡಿ ಇಟ್ಟುಕೊಂಡು ನನ್ನ ಕಣ್ಣನ್ನೇ ನೋಡಿ ಬರೆಯುತ್ತಿದ್ದೆ. ಎಷ್ಟೋ ಮನೆಗಳ ಗೋಡೆಯ ಮೇಲೆ ಎಷ್ಟೋ ಮಂದಿಯ ಅಪ್ಪಂದಿರು ನನ್ನ ಕಣ್ಣಿನಿಂದ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಒಬ್ಬರೂ ಗುರುತಿಸಿರಲಿಲ್ಲ.

"ಅವನ ಕಣ್ಣು ಮುಚ್ಚಿದಾಕಿ ನಾನು," ಎಂದಳು. ದನಿ ಏರಲಿಲ್ಲ. "ಈ ಕೈಲೆ ಮುಚ್ಚೀನಿ. ತೆರ್ಯಾಕ ನೀ ಯಾರೋ ಯಪ್ಪಾ?"

ನಾನು ಕಟ್ಟೆಯ ಕೆಳಗೆ ಕೂತೆ. ಅವಳು ಸೊಸೆಯನ್ನು ಕರೆದು ನೀರು ತರಿಸಿದಳು. ನನಗೆ ಕುಡಿಯಲು ಎಂದುಕೊಂಡೆ. ಅವಳು ಸೆರಗಿನ ತುದಿ ಅದ್ದಿ, ಹಿಂಡಿ, ಫೋಟೋದ ಮೇಲಿನ ಕೋಟನ್ನು ಒರೆಸಲು ಶುರು ಮಾಡಿದಳು. ಬಣ್ಣ ನೀರಿನದು, ಕರಗಿ ಸೆರಗಿಗೆ ಹತ್ತಿತು. ಅಡಿಯಿಂದ ಕರಿ ಕಂಬಳಿ ಬಂತು, ಹೂವಿನ ಸರ ಬಂತು. ಅವಳ ಮುಖ ಬೆಳಗಿತು. ರುಮಾಲು ಒರೆಸಿದಳು, ತಲೆಯ ಬಿಳಿ ಅರಿವೆ ಬಂತು. ಪರದೆ ಒರೆಸಿದಳು, ಅವಳ ಮನೆಯ ಗೋಡೆ ಬಂತು.

"ನೋಡು, ಅಡ್ಯಾಗ ಅದಾನಲ್ಲ!" ಎಂದು ಸೊಸೆಗೆ ಹೇಳಿದಳು. ಮತ್ತೆ ಸೆರಗು ಅದ್ದಿದಳು.

"ಯವ್ವಾ, ಬ್ಯಾಡ," ಎಂದು ನಾನು ಅವಳ ಕೈ ಹಿಡಿದೆ. "ಅಷ್ಟು ಸಾಕು. ಕಣ್ಣು ಒರಸಬ್ಯಾಡ. ಕಾಲಿಗೆ ಬೀಳ್ತೀನಿ."

ಅವಳು ನನ್ನ ಕೈ ಕೊಡವಿದಳು. ಒಂದು ಕಣ್ಣು ಒರೆಸಿದಳು, ಇನ್ನೊಂದನ್ನೂ ಒರೆಸಿದಳು. ಕರಿ ಗುಡ್ಡೆಗಳು ಕರಗಿ ಹೋದವು. ಬ್ಲೇಡಿನಿಂದ ಹೆರೆದ ಜಾಗದಲ್ಲಿ ಬರಿಯ ಕಾಗದ ಉಳಿಯಿತು, ಎರಡು ಬಿಳಿ ಕಲೆ. ರೆಪ್ಪೆ ಸಿಗುತ್ತದೆಂದು ಅವಳು ಇನ್ನೊಮ್ಮೆ ಒರೆಸಿದಳು, ಮತ್ತೊಮ್ಮೆ ಒರೆಸಿದಳು.

"ಅಡ್ಯಾಗ ಇಲ್ಲೇನು?" ಎಂದು ಕೇಳಿದಳು.

"ಇಲ್ಲ ಯವ್ವಾ. ಕೆರದು ತಗದೀನಿ."

ಅವಳು ನನ್ನನ್ನು ಹೊಡೆಯಲಿ ಎಂದು ಕಾದೆ. ಅವಳು ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಲಗೈಯ ಹೆಬ್ಬೆರಳನ್ನು ಒಂದು ಬಿಳಿ ಕಲೆಯ ಮೇಲೆ, ನಡುಬೆರಳನ್ನು ಇನ್ನೊಂದರ ಮೇಲೆ ಒತ್ತಿ ಇಟ್ಟಳು. ಹಾಗೆ ಎರಡನ್ನೂ ಮುಚ್ಚಿದರೆ ಮುಖ ಮೊದಲಿನಂತೆಯೇ ಕಾಣುತ್ತಿತ್ತು.

"ನಡಿ," ಎಂದಳು, ನನ್ನ ಕಡೆ ನೋಡದೆ. "ಬಸ್ಸಿನ ಹೊತ್ತಾತು."

ನಾನು ಓಣಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಅವಳು ಬೆರಳು ತೆಗೆದಿರಲಿಲ್ಲ.